ಚಕ್ರದ ಮನೆಯಲ್ಲಿ ನಡುರಾತ್ರಿಯ ಕತ್ತಲು

ಮೋಟಾರು ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಪುಟ್ಟ ಮನೆಗೆ ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ ಎಂದು ಹೆಸರು. ಮಂಚ, ಒಲೆ, ಸ್ನಾನದ ಕೊಠಡಿ ಎಲ್ಲವೂ ಅದರೊಳಗುಂಟು. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣದಂಚಿನಲ್ಲಿ, ಸುಮಾರು 7,000 ಅಡಿ ಎತ್ತರದ ಮೇದರ್ ಬಿಡಾರದಲ್ಲಿ, ಅಕ್ಟೋಬರ್ ತಿಂಗಳಿನಲ್ಲಿ ಅಂಥ ಮನೆಯನ್ನು ನಿಲ್ಲಿಸಿಕೊಂಡ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಆ ಬಿಡಾರದಲ್ಲಿ ವಿದ್ಯುತ್ ಸಂಪರ್ಕವಿಲ್ಲ. ಮೊದಲ ರಾತ್ರಿ ಸುಖವಾಗಿ ಕಳೆಯಿತು. ಎರಡನೆಯ ರಾತ್ರಿ ಮೂರು ಗಂಟೆಯ ವೇಳೆಗೆ ದೀಪ ಮಂಕಾಯಿತು. ಬೆಚ್ಚನೆಯ ಗಾಳಿ ನಿಂತಿತು. ಮಕ್ಕಳು ಚಳಿಗೆ ಎದ್ದು ಕುಳಿತವು. ಅನಿಲದ ಸಿಲಿಂಡರು ಮಾತ್ರ ತುಂಬಿಯೇ ಇದೆ!

ಮನೆಯನ್ನು ಬೆಚ್ಚಗಿಡುವ ಯಂತ್ರ ಅನಿಲದಿಂದ ಉರಿಯುವುದೇನೋ ನಿಜ. ಆದರೆ ಬಿಸಿಗಾಳಿಯನ್ನು ಊದುವ ಪಂಕಕ್ಕೆ ವಿದ್ಯುತ್ತು ಬೇಕು. ಅದು ಸುಮಾರು 7 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಂಡರೆ, ಹತ್ತು ಗಂಟೆಗಳ ರಾತ್ರಿಯಲ್ಲಿ ಅರ್ಧ ಕಾಲ ತಿರುಗಿದರೂ 35 ಆಂಪಿಯರ್-ಗಂಟೆ ಖರ್ಚು. ಸೀಸದ ಬ್ಯಾಟರಿ 100 ಆಂಪಿಯರ್-ಗಂಟೆಯದಾದರೂ, ಅದರ ಆಯುಸ್ಸು ಉಳಿಯಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಹಗಲು ಒಂದೆರಡು ಗಂಟೆ ಕಾರು ಓಡಿಸಿದರೆ ಬ್ಯಾಟರಿ ತುಂಬಿಕೊಳ್ಳುತ್ತದೆಂಬ ನಂಬಿಕೆ ಅನೇಕರದು. ಕಾರಿನಿಂದ ಟ್ರೇಲರಿಗೆ ಬರುವ ತಂತಿ ತೆಳುವಾದುದು, ಉದ್ದವಾದುದು. ಅದರಲ್ಲಿ ಹರಿದು ಬರುವುದು ಕೆಲವೇ ಆಂಪಿಯರ್. ರಾತ್ರಿಯ ಸಾಲ ಅಷ್ಟರಿಂದ ತೀರುವುದಿಲ್ಲ.

ಇಂಥ ಸಮಯದಲ್ಲಿ ಯಜಮಾನರು ಸಾಮಾನ್ಯವಾಗಿ ಮಾಡುವ ಕೆಲಸ ಹೊಸ ಬ್ಯಾಟರಿ ಕೊಳ್ಳುವುದು. ಅಗ್ಗದ ವೋಲ್ಟ್ ಮೀಟರೊಂದಿದ್ದರೆ ಆ ದುಡ್ಡು ಎಷ್ಟೋ ವೇಳೆ ಉಳಿಯುತ್ತಿತ್ತು. ಕೆಲವು ಗಂಟೆ ಸುಮ್ಮನೆ ಬಿಟ್ಟ ಸೀಸದ ಬ್ಯಾಟರಿ 12.6 ವೋಲ್ಟ್ ತೋರಿದರೆ ತುಂಬಿದೆಯೆಂದು ಅರ್ಥ, 12.1ರ ಸುಮಾರಿಗೆ ಇಳಿದಿದ್ದರೆ ಅರ್ಧ ಬರಿದು. ಬಳಿಕ ಟ್ರೇಲರನ್ನು ಹೊರಗಿನ 120 ವೋಲ್ಟ್ ವಿದ್ಯುತ್ತಿಗೆ ಸೇರಿಸಿ ಮತ್ತೆ ಅಳೆಯಬೇಕು. ಒಳಗಿರುವ ಕನ್ವರ್ಟರು ಸರಿಯಾಗಿದ್ದರೆ ಮುಳ್ಳು 13ನ್ನು ದಾಟಲೇಬೇಕು. ದಾಟದಿದ್ದರೆ ಪಾಪ, ಬ್ಯಾಟರಿಯದೇನು ತಪ್ಪು? ಅದಕ್ಕೆ ಊಟವೇ ಸಿಗುತ್ತಿಲ್ಲ.

ದೀಪ ಮೆಲ್ಲಮೆಲ್ಲನೆ ಮಂಕಾಗುವುದು ಬೇರೆ, ತಟಕ್ಕನೆ ಎಲ್ಲವೂ ಆರುವುದು ಬೇರೆ. ಹೊರಗಿನ ವಿದ್ಯುತ್ತಿರುವಾಗ ಎಲ್ಲ ದೀಪಗಳೂ ಉರಿದು, ಅದನ್ನು ಬಿಡಿಸಿದೊಡನೆ ಪೂರ್ತಿ ಕತ್ತಲಾದರೆ ದಾರಿ ಎಲ್ಲೋ ಕಡಿದಿದೆ. ಮೊದಲು ಬ್ಯಾಟರಿಯನ್ನು ಬೇರ್ಪಡಿಸುವ ಸ್ವಿಚ್ಚನ್ನು ನೋಡಬೇಕು. ಎಷ್ಟೋ ಸಲ ಯಾರೋ ಅದನ್ನು ಆರಿಸಿ ಮರೆತಿರುತ್ತಾರೆ. ಆಮೇಲೆ ಕನ್ವರ್ಟರಿನ ಫ್ಯೂಸುಗಳು. ಬ್ಯಾಟರಿಯ ಧನ-ಋಣ ತಂತಿಗಳನ್ನು ಕ್ಷಣಮಾತ್ರ ಅದಲುಬದಲು ಮುಟ್ಟಿಸಿದರೂ ಅವು ಸುಟ್ಟುಹೋಗುತ್ತವೆ. ಯಂತ್ರವನ್ನು ಉಳಿಸುವುದಕ್ಕೆಂದೇ ಅವನ್ನು ಇಟ್ಟಿರುವುದು. ಇನ್ನು ಋಣ ತಂತಿಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದ ಜಾಗ. ಅಲ್ಲಿ ತುಕ್ಕು ಸೇರಿದರೆ ಬ್ಯಾಟರಿಯ ಬಳಿ 12.6 ಇದ್ದರೂ, ಪಂಕ ತಿರುಗುವಾಗ ಫ್ಯೂಸುಪೆಟ್ಟಿಗೆಯ ಬಳಿ 11 ಮಾತ್ರ ಉಳಿದೀತು. ತುಕ್ಕನ್ನು ಕೆರೆದು ಬಿಗಿದರೆ ಸಾಕು. 120 ವೋಲ್ಟಿನ ಭಾಗಕ್ಕೆ ಮಾತ್ರ ಬಲ್ಲವರಲ್ಲದೆ ಬೇರೆ ಯಾರೂ ಕೈಹಾಕಬಾರದು.

ಎಲ್ಲ ಸ್ವಿಚ್ಚುಗಳನ್ನು ಆರಿಸಿ ತಿಂಗಳುಗಟ್ಟಲೆ ನಿಲ್ಲಿಸಿದ ಟ್ರೇಲರಿನಲ್ಲಿಯೂ ಬ್ಯಾಟರಿ ಬರಿದಾಗುವುದುಂಟು. ಅನಿಲದ ಸೋರಿಕೆಯನ್ನು ಕಂಡುಹಿಡಿಯುವ ಉಪಕರಣ ಹಗಲಿರುಳೂ ತುಸು ವಿದ್ಯುತ್ತನ್ನು ಹೀರುತ್ತಲೇ ಇರುತ್ತದೆ. ಹಾಗೆ ಬರಿದಾಗಿ ಬಿದ್ದಿರುವ ಸೀಸದ ಬ್ಯಾಟರಿಯ ಫಲಕಗಳು ಗಡುಸಾಗಿ ಮತ್ತೆ ಚೇತರಿಸಿಕೊಳ್ಳಲಾರವು. ಈಚಿನ ಲಿಥಿಯಂ ಬ್ಯಾಟರಿಗಳು ಹೆಚ್ಚು ಆಳಕ್ಕೆ ಬಳಸಲು ಒದಗುತ್ತವೆ, ಆದರೆ ಹಳೆಯ ಕನ್ವರ್ಟರು ಅವನ್ನು ಪೂರ್ತಿ ತುಂಬದೆ ಹೋಗಬಹುದು.

ಚಳಿಯನ್ನಾದರೂ ಕಂಬಳಿ ಹೊದೆದು ಕಳೆಯಬಹುದು. ಇದೇ ಬ್ಯಾಟರಿಗೆ ಇನ್ನೊಂದು ಹೊಣೆಯುಂಟು. ಇಳಿಜಾರಿನಲ್ಲಿ ಕೊಂಡಿ ಕಳಚಿ ಟ್ರೇಲರು ಕಾರಿನಿಂದ ಬೇರ್ಪಟ್ಟರೆ, ಸಣ್ಣ ಉಕ್ಕಿನ ಹಗ್ಗವೊಂದು ಪಿನ್ನನ್ನು ಕಿತ್ತು ಟ್ರೇಲರಿನ ವಿದ್ಯುತ್ ಬ್ರೇಕನ್ನು ಹಿಡಿಸುತ್ತದೆ. ಆಗ ಬ್ರೇಕಿಗೆ ಬಲ ಕೊಡುವುದು ಟ್ರೇಲರಿನ ಬ್ಯಾಟರಿಯೇ. ಅದು ಬರಿದಾಗಿದ್ದರೆ ಸಾವಿರಾರು ಪೌಂಡು ತೂಕದ ಮನೆ ತಡೆಯಿಲ್ಲದೆ ಉರುಳುತ್ತದೆ. ಆದುದರಿಂದ ಅನುಭವಿಗಳು ಹೊರಡುವ ಮುಂಚೆ ಕಾರಿನ ವಿದ್ಯುತ್ ಪ್ಲಗ್ಗನ್ನು ಬಿಡಿಸಿ, ಆ ಪಿನ್ನನ್ನು ಎಳೆದು, ಕಾರನ್ನು ಒಂದೆರಡು ಅಡಿ ಮೆಲ್ಲನೆ ಮುಂದಕ್ಕೆ ಬಿಟ್ಟು ನೋಡುತ್ತಾರೆ. ಚಕ್ರಗಳು ಕಚ್ಚಿ ಹಿಡಿದರೆ ಪಿನ್ನನ್ನು ತಡಮಾಡದೆ ಮತ್ತೆ ಸಿಕ್ಕಿಸಿ, ಪ್ಲಗ್ಗನ್ನು ಜೋಡಿಸಿ, ಪ್ರಯಾಣ ಹೊರಡುತ್ತಾರೆ.