ನಾಟಕ ಮುಗಿದ ಮ್ಯಾಲೆ ಊರಿಗೆ ಹೋಗೋದು ಹೆಂಗ?

ಹೋದ ವರ್ಷ ಸುರೇಬಾನದಿಂದ ನಾವು ಐದು ಮಂದಿ ನಗರಕ್ಕೆ ಒಂದು ನಾಟಕ ನೋಡಲು ಹೋಗಿದ್ದೆವು. ಆರೂವರೆಗೆ ಎಂದಿದ್ದ ನಾಟಕ, ಭಾಷಣ ಸನ್ಮಾನ ಎಲ್ಲ ಮುಗಿದು ಶುರುವಾಗುವಾಗ ಏಳೂವರೆ. ರಂಗಮಂದಿರದಿಂದ ಬಸ್ ಸ್ಟ್ಯಾಂಡಿಗೆ ಆಟೋ ಹಿಡಿಯಬೇಕು. ರಾಮದುರ್ಗದ ಕಡೇ ಬಸ್ ತಪ್ಪಿದರೆ ರಾತ್ರಿ ಅಲ್ಲೇ. ನಾಟಕ ಅರ್ಧಕ್ಕೆ ಬಿಟ್ಟು ಎದ್ದೆವು. ನಮ್ಮ ಜೊತೆಗಿದ್ದ ಹಿರಿಯರು ಊರ ನಾಟಕಗಳಲ್ಲಿ ಮೂವತ್ತು ವರ್ಷ ಪಾತ್ರ ಮಾಡಿದವರು. ಬಸ್ಸಿನಲ್ಲಿ ಕೇಳಿದರು: “ತಮ್ಮಾ, ಕಡೀಕ ಏನಾತಂತ ಯಾರನ್ನ ಕೇಳೋಣು?”

ದೊಡ್ಡ ರಂಗಮಂದಿರಗಳನ್ನು ಎಲ್ಲಿ ಕಟ್ಟಬೇಕು, ಹಳೆಯದನ್ನು ಕೆಡವಿದರೆ ಹೊಸದು ಎಲ್ಲಿ ಏಳಬೇಕು ಎಂಬ ಮಾತು ಬಂದಾಗ ನಮಗೆ ಈ ಪ್ರಶ್ನೆಯೇ ನೆನಪಾಗುತ್ತದೆ. ಎಷ್ಟು ಎಕರೆ, ಎಷ್ಟು ಕೋಟಿ, ಎಷ್ಟು ಕಾರು ನಿಲ್ಲಬಹುದು ಎಂದು ಲೆಕ್ಕ ಹಾಕುತ್ತಾರೆ. ಕಡೇ ಬಸ್ಸಿನ ಟೈಮ್ ಯಾರೂ ಕೇಳುವುದಿಲ್ಲ.

ಕಂಪನಿ ನಾಟಕದವರು ಕೇಳುತ್ತಿದ್ದರು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಇದು ಗೊತ್ತು. ಸಾಲಾಗಿ ನಾಟಕ ಕಂಪನಿಗಳ ಥಿಯೇಟರ್, ರಾತ್ರಿಯಿಡೀ ಆಟ. ಜನ ಎಲ್ಲಿ ಸೇರುತ್ತಾರೋ ಅಲ್ಲೇ ತಗಡಿನ ಶೆಡ್ ಏಳುತ್ತಿತ್ತು. ನಮ್ಮ ಊರುಗಳ ಜಾತ್ರೆಯಲ್ಲೂ ರಾತ್ರಿ ಹತ್ತರ ಮೇಲೆ ಶುರುವಾದ ನಾಟಕ ಬೆಳಗಿನ ತನಕ ನಡೆಯುತ್ತದೆ. ಪಕ್ಕದ ಹಳ್ಳಿಯಿಂದ ಬಂದವರು ಮಂಗಳ ಹಾಡು ಕೇಳಿ, ಚಹಾ ಕುಡಿದು, ಮೊದಲ ಬಸ್ ಹತ್ತುತ್ತಾರೆ. ನಮ್ಮ ಜಿಲ್ಲೆಯ ಏಣಗಿ ಬಾಳಪ್ಪನವರು ಇಂಥ ಕಂಪನಿಗಳಲ್ಲೇ ಬೆಳೆದು, ‘ಕಲಾವೈಭವ ನಾಟ್ಯ ಸಂಘ’ ನಡೆಸಿ, ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡರು. ಅವರ ಕಂಪನಿ ನಡೆದದ್ದು ಸರ್ಕಾರದ ದುಡ್ಡಿನಿಂದಲ್ಲ, ಟಿಕೆಟ್ಟಿನಿಂದ. ಜಾಗ ತಪ್ಪಿದರೆ ಅವತ್ತಿನ ಅಡಿಗೆಯೂ ತಪ್ಪುತ್ತಿತ್ತು.

ಬೆಂಗಳೂರಿಗೆ ಬರೋಣ. ನಮ್ಮಲ್ಲಿ ‘ನ್ಯಾಷನಲ್ ಥಿಯೇಟರ್’ ಎಂಬ ಬೋರ್ಡು ಇಲ್ಲ, ರಾಜ್ಯದ ಮಟ್ಟಿಗೆ ಆ ಜಾಗದಲ್ಲಿ ನಿಂತಿರುವುದು ರವೀಂದ್ರ ಕಲಾಕ್ಷೇತ್ರ. ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದದ್ದು. ಜೆ.ಸಿ. ರಸ್ತೆ, ಪುರಭವನದ ಹತ್ತಿರ, ಮಾರ್ಕೆಟ್ ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಹಿಂದೆ ಸಂಸ ಬಯಲು ರಂಗಮಂದಿರ. ಇಷ್ಟು ವರ್ಷ ಅದು ಜೀವಂತ ಇರುವುದಕ್ಕೆ ಆ ಜಾಗವೇ ಅರ್ಧ ಕಾರಣ ಎನ್ನುತ್ತೇವೆ ನಾವು. ಇನ್ನೊಂದು ರಂಗಶಂಕರ. ಶಂಕರ್ ನಾಗ್ 1990ರಲ್ಲಿ ಅಪಘಾತದಲ್ಲಿ ಹೋದರು. ಅರುಂಧತಿ ನಾಗ್ ಮತ್ತು ಗೆಳೆಯರು ಜೆ.ಪಿ. ನಗರದಲ್ಲಿ ಅವರ ಹೆಸರಿನ ರಂಗಮಂದಿರದ ಬಾಗಿಲು ತೆರೆದದ್ದು 2004ರಲ್ಲಿ. ಅದೂ ಮನೆಗಳ ನಡುವೆಯೇ ಇದೆ.

ಹೊರದೇಶದಲ್ಲೂ ಇದೇ ಪಾಡು. ಲಂಡನ್ನಿನ ನ್ಯಾಷನಲ್ ಥಿಯೇಟರಿಗೆ 1951ರಲ್ಲಿ ಅಡಿಗಲ್ಲು ಹಾಕಿದರು, ಕಟ್ಟಡ ತೆರೆದದ್ದು 1976ರಲ್ಲಿ, ಅದೂ ಕಲ್ಲು ಹಾಕಿದ ಜಾಗದಲ್ಲಲ್ಲ. ಅಡಿಗಲ್ಲಿನ ಕಥೆ ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆವು! ಐರ್ಲೆಂಡಿನ ರಾಷ್ಟ್ರೀಯ ರಂಗಮಂದಿರ ಅಬ್ಬೆ ಥಿಯೇಟರ್. 1904ರಲ್ಲಿ ಡಬ್ಲಿನ್ ನಗರದ ನಡುವೆ ಶುರುವಾದದ್ದು 1951ರಲ್ಲಿ ಬೆಂಕಿಗೆ ಸಿಕ್ಕಿತು. ಹದಿನೈದು ವರ್ಷ ಬೇರೆ ಥಿಯೇಟರಿನಲ್ಲಿ ಆಡಿ, 1966ರಲ್ಲಿ ಹಳೇ ಜಾಗದಲ್ಲೇ ಹೊಸ ಕಟ್ಟಡಕ್ಕೆ ಬಂದರು. ಮುಂದೆ ಅದೂ ಸಾಲದಾಯಿತು. ಹಡಗುಕಟ್ಟೆಯ ಹತ್ತಿರ ಹೋಗೋಣ ಎಂದರು, ದೊಡ್ಡ ಅಂಚೆ ಕಚೇರಿಗೆ ಹೋಗೋಣ ಎಂದರು. ವರ್ಷಗಟ್ಟಲೆ ಹುಡುಕಿ, 2012ರಲ್ಲಿ ಪಕ್ಕದ ಕಟ್ಟಡವನ್ನೇ ಕೊಂಡರು. ಇದ್ದಲ್ಲೇ ಬೆಳೆಯುವ ದಾರಿ ಅದು.

‘ಊರ ನಡುವೆ ಜಾಗ ಎಲ್ಲಿದೆ, ಗಾಡಿ ನಿಲ್ಲಿಸುವುದೆಲ್ಲಿ’ ಎಂದು ಕೇಳುವವರಿದ್ದಾರೆ. ತಪ್ಪು ಪ್ರಶ್ನೆಯಲ್ಲ. ನಡುವೂರಿನ ಜಾಗ ತುಟ್ಟಿ. ಆದರೆ ಊರ ಹೊರಗಿನ ಅಗ್ಗದ ಜಾಗದ ಖರ್ಚು ಪ್ರೇಕ್ಷಕನ ಜೇಬಿಗೆ ಬೀಳುತ್ತದೆ, ದಿನಾ ಬೀಳುತ್ತದೆ. ಬೆಳಗಾವಿಯ ಸುವರ್ಣ ವಿಧಾನಸೌಧವನ್ನೇ ನೋಡಿ. 2012ರಲ್ಲಿ ನಗರದ ಹೊರಗೆ, ಹೆದ್ದಾರಿ ಪಕ್ಕ ಎದ್ದು ನಿಂತಿತು. ಚಳಿಗಾಲದ ಅಧಿವೇಶನ ಮುಗಿದ ಮೇಲೆ ಅಲ್ಲಿ ಎಷ್ಟು ಜನ ಓಡಾಡುತ್ತಾರೆ? ಅಧಿವೇಶನಕ್ಕೆ ಬರುವವರಿಗೆ ಸರ್ಕಾರದ ಗಾಡಿ ಇದೆ. ನಾಟಕಕ್ಕೆ ಬರುವವರಿಗೆ ಇಲ್ಲ.

ಇದು ನೋಡುವವರ ಮಾತಷ್ಟೇ ಅಲ್ಲ, ಆಡುವವರದೂ ಹೌದು. ಸಂಗ್ಯಾ ಬಾಳ್ಯಾ ಬೈಲಹೊಂಗಲದ ಕಥೆ. ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರು ತಂದ ಕೌಜಲಗಿ ನಿಂಗಮ್ಮ ನಮ್ಮ ಜಿಲ್ಲೆಯವರೇ. ಆ ಕಥೆ, ಆ ಧಾಟಿ, ಆ ಮಾತು ದೊಡ್ಡ ರಂಗಮಂದಿರಗಳ ವೇದಿಕೆ ಹತ್ತಿವೆ. ಹುಟ್ಟಿಸಿದ ಹಳ್ಳಿಯವರು ಮಾತ್ರ ಬಾಗಿಲ ತನಕ ಹೋಗಿ ಬಸ್ಸಿಗೆ ಓಡಬೇಕಾಗಿದೆ.

ಆದ್ದರಿಂದ ರಾಮದುರ್ಗದಲ್ಲಾಗಲಿ, ಬೆಳಗಾವಿಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ರಂಗಮಂದಿರದ ಮಾತು ಬಂದಾಗ ನಿಮ್ಮ ಶಾಸಕರನ್ನು, ಅಧಿಕಾರಿಗಳನ್ನು ನಾಲ್ಕು ಪ್ರಶ್ನೆ ಕೇಳಿ. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗಬಹುದೇ? ನಾಟಕ ಮುಗಿದ ಮೇಲೆ ತಾಲ್ಲೂಕಿನ ಕಡೆ ಬಸ್ ಇದೆಯೇ? ಹಳ್ಳಿಯ ತಂಡಕ್ಕೆ ಬಾಡಿಗೆ ಎಷ್ಟು? ಹಳೆಯದನ್ನು ಕೆಡವಿದರೆ ಹೊಸದು ಏಳುವ ತನಕ ಎಲ್ಲಿ ಆಡಬೇಕು? ಇವಕ್ಕೆ ಉತ್ತರ ಸಿಕ್ಕ ಮೇಲೆ ಅಡಿಗಲ್ಲು ಹಾಕಲಿ.

ನಮ್ಮ ಹಿರಿಯರಿಗೆ ಆ ನಾಟಕದ ಕೊನೆ ಇನ್ನೂ ಗೊತ್ತಾಗಿಲ್ಲ. ಸಿಕ್ಕಾಗೆಲ್ಲ ಕೇಳುತ್ತಾರೆ.