ಮಳೆಗೆ ಅಂಜದ ಕ್ಯಾಮೆರಾ

ಈ ಸಲ ನನಗೆ ಬಂದ ಪತ್ರಗಳಲ್ಲಿ ತೀರ್ಥಹಳ್ಳಿ ಕಡೆಯ ಸೋದರಿಯೊಬ್ಬರದೇ ಎಲ್ಲಕ್ಕಿಂತ ಉದ್ದದ್ದು. ಸೀಮಂತ, ನಾಮಕರಣ, ಗೃಹಪ್ರವೇಶಗಳಿಗೆ ಫೋಟೋ ತೆಗೆದುಕೊಡುತ್ತಾರಂತೆ. ಕ್ಯಾಮೆರಾ ಹನ್ನೆರಡು ವರ್ಷದ ಹಳತು. ಕಳೆದ ಶ್ರಾವಣದಲ್ಲಿ ಒಂದು ಗೃಹಪ್ರವೇಶ. ಹಸುವನ್ನು ಹೊಸಿಲು ದಾಟಿಸುವ ಹೊತ್ತಿಗೆ ಸರಿಯಾಗಿ ಜಿಟಿಜಿಟಿ ಮಳೆ. ಸೆರಗು ಮುಚ್ಚಿಕೊಂಡು ನಾಲ್ಕು ಫೋಟೋ ತೆಗೆದರು, ಐದನೆಯದಕ್ಕೆ ಕ್ಯಾಮೆರಾ ಕಣ್ಣು ಮುಚ್ಚಿತು. "ಮುಂಗಡ ವಾಪಸು ಕೊಟ್ಟು ಬಂದೆ ಅಕ್ಕಾ, ಅವತ್ತು ರಾತ್ರಿ ಊಟ ಸೇರಲಿಲ್ಲ" ಎಂದು ಬರೆದಿದ್ದಾರೆ. ಮಗಳ ಹಾಸ್ಟೆಲ್ ಫೀಸು ಹೋಗುವುದು ಈ ಹಣದಿಂದಲೇ. ಈಗ ಒಂದು ಲಕ್ಷ ರೂಪಾಯಿ ಕೂಡಿಸಿಟ್ಟಿದ್ದಾರೆ. ಮನೆಯವರದು ಮಾತ್ರ ಒಂದೇ ಮಾತು: "ಮೊಬೈಲ್ ಇದೆಯಲ್ಲ, ಸಾಲದೇ?"

ಆ ಮಾತನ್ನು ತಳ್ಳಿಹಾಕಬೇಡಿ ಸೋದರಿ. ನೀರಿನ ವಿಷಯದಲ್ಲಿ ಅವರು ಹೇಳುವುದು ನಿಜವೇ! ಐಪಿ68 ಎಂದು ಬರೆದ ಮೊಬೈಲು ನೀರಿನಲ್ಲಿ ಮುಳುಗಿದರೂ ಕೆಲಕಾಲ ತಡೆಯುತ್ತದೆ. ಸಾವಿರಾರು ರೂಪಾಯಿಯ ದೊಡ್ಡ ಕ್ಯಾಮೆರಾಗಳಿಗೆ ಆ ಧೈರ್ಯವಿಲ್ಲ. ಆದರೆ ನಿಮ್ಮ ಕಡೆಯ ಹಳೇ ಮನೆಯ ನಡುಮನೆ ನೆನಪಿಸಿಕೊಳ್ಳಿ. ಮಳೆಗಾಲದ ಮಬ್ಬು, ಕರೆಂಟು ಹೋಗಿದೆ, ಎರಡು ದೀಪದ ಬೆಳಕು, ತೊಟ್ಟಿಲಲ್ಲಿ ಕೈಕಾಲು ಆಡಿಸುವ ಕೂಸು. ಅಲ್ಲಿ ಬೇಕಾಗುವುದು ಬೆಳಕನ್ನು ಬಾಚಿಕೊಳ್ಳುವ ದೊಡ್ಡ ಸೆನ್ಸರು, ದೊಡ್ಡ ಕಣ್ಣಿನ ಲೆನ್ಸು. ಮೊಬೈಲಿಗೆ ಎರಡೂ ಇಲ್ಲ.

ದೊಡ್ಡದು ಅಂದರೆ ಎಷ್ಟು ದೊಡ್ಡದು? ಹಳೇ ಫಿಲಂ ರೀಲಿನ ಅಳತೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಇದೇ ಫುಲ್ ಫ್ರೇಮ್. ಅದರ ಅಂಚು ಕತ್ತರಿಸಿ ನಡುವಿನ ತುಂಡನ್ನಷ್ಟೇ ಇಟ್ಟುಕೊಂಡಂತೆ ಕ್ರಾಪ್ ಸೆನ್ಸರ್, ಹೆಚ್ಚುಕಡಿಮೆ 23.5 ಮಿ.ಮೀ.ಗೆ 15.6 ಮಿ.ಮೀ. ನಿಮ್ಮ ಕೆಲಸಕ್ಕೆ ಇದು ಧಾರಾಳ ಸಾಕು. ಲೆನ್ಸುಗಳೂ ಹಗುರ, ಬೆಲೆಯೂ ಕಡಿಮೆ. ಬೆಳಗ್ಗೆಯಿಂದ ಸಂಜೆವರೆಗೆ ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡುವವರಿಗೆ ತೂಕ ಸಣ್ಣ ವಿಷಯವಲ್ಲ.

ಇನ್ನು ಅಂಗಡಿಯವರು ಹೇಳುವ 'ವೆದರ್ ಸೀಲಿಂಗ್'. ಏನೋ ಮಂತ್ರ ಅಂದುಕೊಳ್ಳಬೇಡಿ. ನಿಮ್ಮ ಕುಕ್ಕರಿನ ಗ್ಯಾಸ್ಕೆಟ್ಟು ಇದೆಯಲ್ಲ, ಅಷ್ಟೇ. ಗುಂಡಿಗಳ ಸುತ್ತ, ಬ್ಯಾಟರಿ ಬಾಗಿಲಿಗೆ, ಕಾರ್ಡಿನ ಬಾಗಿಲಿಗೆ, ಎರಡು ಭಾಗ ಕೂಡುವ ಕಡೆ ತೆಳ್ಳಗಿನ ರಬ್ಬರು ಇಟ್ಟಿರುತ್ತಾರೆ. ಹನಿ ನೀರು, ಧೂಳು ತಡೆಯುತ್ತದೆ. ಸುರಿಯುವ ಮಳೆಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ, ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಇಲ್ಲ. ಹೆಚ್ಚಿನ ಕಂಪನಿಗಳು ಇಂತಿಷ್ಟು ನೀರು ತಡೆಯುತ್ತದೆ ಎಂಬ ಅಂಕಿಯನ್ನೇ ಕೊಡುವುದಿಲ್ಲ. ಓಎಂ ಸಿಸ್ಟಂನವರು ತಮ್ಮ ಓಎಂ-1, ಓಎಂ-5ಗಳಿಗೆ (ಎರಡೂ 2022ರವು) ಐಪಿ53 ಎಂದು ಹೇಳುತ್ತಾರೆ. ಅವುಗಳ ಸೆನ್ಸರು ಇನ್ನೂ ಒಂದು ಸುತ್ತು ಚಿಕ್ಕದು.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಕುಕ್ಕರಿಗೆ ಒಳ್ಳೇ ಪಾತ್ರೆ ತಂದು ಗ್ಯಾಸ್ಕೆಟ್ಟಿಲ್ಲದ ಮುಚ್ಚಳ ಹಾಕಿದರೆ ವಿಷಲ್ ಬರುತ್ತದೆಯೇ? ಕ್ಯಾಮೆರಾಕ್ಕೆ ಮುಚ್ಚಳ ಎಂದರೆ ಲೆನ್ಸು. ಸೀಲಿಂಗ್ ಇರುವ ಕ್ಯಾಮೆರಾಕ್ಕೆ ಸೀಲಿಂಗ್ ಇಲ್ಲದ ಲೆನ್ಸು ಸಿಕ್ಕಿಸಿದರೆ ನೀರು ನೇರವಾಗಿ ಸೆನ್ಸರಿನ ಮನೆಗೇ ಇಳಿಯುತ್ತದೆ. ಇಲ್ಲೇ ಎಷ್ಟೋ ಜನ ಮೋಸ ಹೋಗುವುದು. ಕೆನಾನ್ ಆರ್7 (2022) ಸೀಲಿಂಗ್ ಇರುವ ಕ್ಯಾಮೆರಾ, ಆದರೆ ಅದರ ಜೊತೆಗೆ ಮಾರುವ 18-150 ಲೆನ್ಸಿಗೆ ಸೀಲಿಂಗ್ ಇಲ್ಲ. ಸೋನಿ ಎ6700 (2023) ಕೂಡ ಹಾಗೆಯೇ, ಜೊತೆಗೆ ಬರುವ ಪುಟ್ಟ 16-50ಕ್ಕೆ ಸೀಲಿಂಗ್ ಇಲ್ಲ; ಟ್ಯಾಮ್ರಾನ್ 17-70 ಎಫ್2.8 ಹಾಕಿದರೆ ಜೋಡಿ ಸರಿಹೋಗುತ್ತದೆ. ಫ್ಯೂಜಿಯಲ್ಲಿ ಗುರುತು ಸುಲಭ, ಲೆನ್ಸಿನ ಹೆಸರಿನಲ್ಲೇ 'ಡಬ್ಲ್ಯುಆರ್' ಎಂದಿರುತ್ತದೆ. ಎಕ್ಸ್-ಟಿ4, ಎಕ್ಸ್-ಟಿ5ಕ್ಕೆ 16-80 ಡಬ್ಲ್ಯುಆರ್ ಒಪ್ಪುವ ಜೋಡಿ. ಅದೇ ಕಂಪನಿಯ ಬಹಳ ಮಂದಿ ಹೊಗಳುವ 18-55 ಎಫ್2.8-4ಕ್ಕೆ ಸೀಲಿಂಗ್ ಇಲ್ಲ ನೋಡಿ! ಪೆಂಟಾಕ್ಸ್‌ನವರು ಮಾತ್ರ ಅಗ್ಗದ 18-55ಕ್ಕೂ ಡಬ್ಲ್ಯುಆರ್ ಕೊಟ್ಟ ಪುಣ್ಯಾತ್ಮರು, ಆದರೆ ನಮ್ಮ ಊರುಗಳ ಅಂಗಡಿಯಲ್ಲಿ ಅದು ಕಾಣಸಿಗುವುದು ಅಪರೂಪ.

ನಿಮ್ಮ ಹಳೇ ಕ್ಯಾಮೆರಾ ಯಾವ ಕಂಪನಿಯದು ಎಂದು ಬರೆಯುವುದನ್ನೇ ಮರೆತಿದ್ದೀರಿ. ಇರಲಿ. ನಿಮ್ಮ ಲೆನ್ಸುಗಳನ್ನು ಬಿಚ್ಚಿ ಹಿಂಭಾಗ ನೋಡಿ. ಕ್ಯಾಮೆರಾಕ್ಕೆ ಕೂರುವ ಬಳೆಯ ಅಂಚಿನಲ್ಲಿ ತೆಳ್ಳಗೆ ಕಪ್ಪು ರಬ್ಬರು ಕಂಡರೆ ಆ ಲೆನ್ಸು ಉಳಿಸಿಕೊಳ್ಳಿ, ಅದೇ ಕಂಪನಿಯ ಕ್ಯಾಮೆರಾ ಹುಡುಕಿ. ರಬ್ಬರೇ ಇಲ್ಲವೋ, ಹಳೇ ಕಂಪನಿಯ ಋಣ ಹರಿಯಿತು ಎಂದುಕೊಂಡು ಯಾವುದನ್ನಾದರೂ ನೋಡಬಹುದು.

ನಿಮಗೆ ಇನ್ನೊಂದು ವಿಷಯ ಮುಖ್ಯ, ಕಾರ್ಡಿನ ಮನೆ ಎರಡು ಇರಲಿ. ಒಂದೇ ಫೋಟೋ ಎರಡು ಕಾರ್ಡಿಗೆ ಬೀಳುತ್ತಿದ್ದರೆ, ಒಂದು ಕೈಕೊಟ್ಟರೂ ಯಾರ ಮುಂಗಡವನ್ನೂ ವಾಪಸು ಕೊಡಬೇಕಾಗುವುದಿಲ್ಲ. ಆರ್7, ಎಕ್ಸ್-ಟಿ5, ನಿಕಾನಿನ ಡಿ7200 (2015), ಡಿ500 (2016) ಇವಕ್ಕೆ ಎರಡಿವೆ. ಎ6700ಕ್ಕೂ ನಿಕಾನ್ ಡಿ7500ಕ್ಕೂ ಒಂದೇ. ನಾನಾದರೆ ಈ ಕಾರಣಕ್ಕೇ ಅವೆರಡನ್ನು ಬಿಡುತ್ತಿದ್ದೆ.

ಒಂದು ಲಕ್ಷದಲ್ಲಿ ಹೊಸ ಕ್ಯಾಮೆರಾ, ಸೀಲಿಂಗ್ ಲೆನ್ಸು ಎರಡೂ ಹೊಂದಿಸುವುದು ಕಷ್ಟ. ಹಾಗಾಗಿ ನನ್ನ ಮಾತು ಕೇಳುವುದಾದರೆ ಲೆನ್ಸನ್ನು ಹೊಸದೇ ಕೊಳ್ಳಿ, ಕ್ಯಾಮೆರಾ ಒಬ್ಬರು ಬಳಸಿದ್ದಾದರೂ ಸರಿ. ಡಿ7200ರಂಥದ್ದು ಹಳತಾದರೂ ಗಟ್ಟಿ ಜೀವ. ಆದರೆ ಕುಕ್ಕರಿನ ರಬ್ಬರು ವರ್ಷ ಕಳೆದಂತೆ ಗಡುಸಾಗಿ ಬಿರುಕು ಬಿಡುವುದಿಲ್ಲವೇ? ಇದರದೂ ಅದೇ ಕತೆ. ಕಾರ್ಡು, ಬ್ಯಾಟರಿ ಬಾಗಿಲುಗಳನ್ನೆಲ್ಲ ತೆರೆದು ರಬ್ಬರು ಮೆತ್ತಗಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿ. ಕೈಹಿಡಿತದ ರಬ್ಬರು ಉಬ್ಬಿಕೊಂಡಿದ್ದರೆ, ಬಾಗಿಲು ಸಡಿಲವಾಗಿದ್ದರೆ ಹಾಗೇ ವಾಪಸು ಬನ್ನಿ. ಒಮ್ಮೆ ಬಿಚ್ಚಿ ರಿಪೇರಿ ಮಾಡಿದ್ದಾರೆಯೇ ಎಂದು ನಾಚಿಕೆ ಬಿಟ್ಟು ಕೇಳಿ. ಬಿಚ್ಚಿದವರು ರಬ್ಬರನ್ನು ಮೊದಲಿನಂತೆ ಕೂರಿಸಿದ್ದಾರೆಂಬ ಭರವಸೆ ಏನು?

ತಂದ ಮೇಲೆ ಇಟ್ಟುಕೊಳ್ಳುವುದು ಹೇಗೆ? ಮಳೆಯಲ್ಲಿ ಲೆನ್ಸು ಬದಲಿಸಲೇಬೇಡಿ. ಉದ್ದಕ್ಕೆ ಚಾಚಿಕೊಳ್ಳುವ ಜೂಮ್ ಲೆನ್ಸನ್ನು ಒದ್ದೆಯಿದ್ದಾಗ ಹಿಂದೆಮುಂದೆ ಎಳೆದರೆ ಗಾಳಿಯ ಜೊತೆ ತೇವವೂ ಒಳಗೆ ಹೋಗುತ್ತದೆ, ಮೊದಲು ಹತ್ತಿಬಟ್ಟೆಯಲ್ಲಿ ಒರೆಸಿ. ಘಟ್ಟ ಇಳಿದು ಕರಾವಳಿಯ ಎ.ಸಿ. ಕಲ್ಯಾಣಮಂಟಪಕ್ಕೆ ಹೋದರೆ, ಹೊರಗೆ ಬರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಇಲ್ಲವಾದರೆ ಫ್ರಿಜ್ಜಿನಿಂದ ತೆಗೆದ ಚೊಂಬಿನಂತೆ ಬೆವರುತ್ತದೆ. ಅಕ್ಕಿ ಡಬ್ಬದಲ್ಲಿ ಹುದುಗಿಸಿ ಎನ್ನುವವರ ಮಾತು ಕೇಳಬೇಡಿ, ಅಕ್ಕಿಹುಡಿ ಎಲ್ಲ ಸಂದಿಗೂ ಹೋಗುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ, ಒಪ್ಪಿದೆ, ಆದರೆ ಮಸಿ!

ಆಗುಂಬೆ ಸುತ್ತ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಮಳೆ. ಅಲ್ಲಿ ಹನಿಗಿಂತ ಗಾಳಿಯ ತೇವವೇ ದೊಡ್ಡ ಶತ್ರು. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟ ನನ್ನದೇ ಲೆನ್ಸೊಂದು ಎರಡು ಮಳೆಗಾಲ ಕಳೆಯುವುದರೊಳಗೆ ಜೇಡರಬಲೆಯಂತೆ ಬೂಷ್ಟು ಹಿಡಿದಿತ್ತು. ತೊಳೆಸಲು ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತೇವ ತೋರಿಸುವ ಚಿಕ್ಕ ಮೀಟರು, ಇಷ್ಟು ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಪೊಟ್ಟಣ ಬದಲಿಸಿ. ಬಣ್ಣ ಬದಲಿಸುವ ಜೆಲ್ ಕೊಂಡರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಮಾತ್ರ ಆಮೇಲೆ ಅಡುಗೆಗೆ ತರಬೇಡಿ.

ಹಳೇ ಲೆನ್ಸುಗಳ ಹೆಸರು, ಹಿಂಭಾಗದಲ್ಲಿ ರಬ್ಬರು ಕಂಡಿತೋ ಇಲ್ಲವೋ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಿ ಸೋದರಿ. ದುಡ್ಡು ಕೊಡುವುದನ್ನು ಅಲ್ಲಿಯವರೆಗೆ ತಡೆಯಿರಿ.