ಸಂಪಿಗೊಂದು ಸೆನ್ಸರ್

ಸಾವಿರಾರು ರೂಪಾಯಿಯ ವೈಫೈ ಸೆನ್ಸರನ್ನ ಒಂದು ರಬ್ಬರ್ ಸಕ್ಷನ್ ಕಪ್ಪಿಗೆ ನೇತುಹಾಕಿ, 'ನಮ್ಮನೆ ಅಕ್ವೇರಿಯಂ ಫುಲ್ ಆಟೊಮೇಟೆಡ್ ಗುರು' ಅಂತ ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿಕೊಳ್ಳುವವರ ಸಂಖ್ಯೆ ನನ್ನ ಸುತ್ತಮುತ್ತ ಹೆಚ್ಚಾಗ್ತಿದೆ. ಆ ಸೆನ್ಸರ್ ಬಗ್ಗೆ ನನ್ನ ತಕರಾರಿಲ್ಲ. ಆ ಕಪ್ಪಿನ ಬಗ್ಗೆ ಇದೆ. ಸೆನ್ಸರ್ ಯಾವ ಕಂಪನಿಯದು, ಆ್ಯಪ್ ಎಷ್ಟು ಚಂದ ಇದೆ ಅಂತ ಮೂರು ವಾರ ವಿಡಿಯೊ ನೋಡುವ ನಮ್ಮ ಮಂದಿ, ಅದನ್ನ ಎಲ್ಲಿ ಕೂರಿಸಬೇಕು, ಅದು ಕೆಟ್ಟರೆ ಪಂಪು ನಿಲ್ಲುತ್ತಾ ಇಲ್ಲ ಓಡ್ತಾನೇ ಇರುತ್ತಾ ಅಂತ ಮೂರು ನಿಮಿಷ ಯೋಚಿಸಲ್ಲ. ಮೀನು ಸಾಯೋದು, ಕೆಳಗಿನ ಮನೆಯವರ ಫಾಲ್ಸ್ ಸೀಲಿಂಗ್ ಕುಸಿಯೋದು ಈ ಮೂರು ನಿಮಿಷದ ಸೋಮಾರಿತನದಿಂದ.

ಸಂಪ್ ಅಂದ ಕೂಡಲೇ ಬೆಂಗಳೂರಿನವರಿಗೆ ಗೇಟಿನ ಪಕ್ಕ ನೆಲದಡಿ ಇರುವ ಟ್ಯಾಂಕು ನೆನಪಾಗುತ್ತೆ. ನಾನು ಹೇಳ್ತಿರೋದು ಅದರ ಪುಟ್ಟ ತಮ್ಮನ ವಿಷಯ. ಸಮುದ್ರದ ಮೀನು, ಹವಳ ಸಾಕುವವರು ದೊಡ್ಡ ಗಾಜಿನ ತೊಟ್ಟಿಯ ಕೆಳಗೆ, ಕ್ಯಾಬಿನೆಟ್ ಒಳಗೆ ಇನ್ನೊಂದು ತೊಟ್ಟಿ ಇಡ್ತಾರೆ. ಮೇಲಿನ ನೀರು ಓವರ್‌ಫ್ಲೋ ಪೈಪಿನಲ್ಲಿ ಕೆಳಗಿಳಿದು, ಸ್ಕಿಮ್ಮರ್ ದಾಟಿ, ಕೊನೆಯ ಅಂಕಣದಿಂದ ಪಂಪಿನ ಮೂಲಕ ಮತ್ತೆ ಮೇಲೇರುತ್ತೆ. ಆ ಕೊನೆಯ ಅಂಕಣವೇ ರಿಟರ್ನ್ ಚೇಂಬರ್.

ಇಲ್ಲಿ ಸೆನ್ಸರ್ ಯಾಕೆ ಬೇಕು? ನೀರು ಆವಿಯಾಗುತ್ತೆ, ಉಪ್ಪು ಆಗಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರಬೇಕಾದ ನೀರು ದಿನದಿಂದ ದಿನಕ್ಕೆ ಗಟ್ಟಿಯಾಗ್ತಾ ಹೋಗುತ್ತೆ. ಆದ್ದರಿಂದ ಕಳೆದುಹೋದಷ್ಟು ಸಿಹಿನೀರನ್ನ, ಅಂದ್ರೆ ಆರ್‌ಒ ನೀರನ್ನ, ಮತ್ತೆ ಸೇರಿಸ್ತಾ ಇರಬೇಕು. ಮಟ್ಟ ಇಳಿದಾಗ ಸೆನ್ಸರ್ ಹೇಳುತ್ತೆ, ಪಕ್ಕದ ಡಬ್ಬದಲ್ಲಿರೋ ಸಣ್ಣ ಪಂಪು ನೀರು ಹಾಕುತ್ತೆ. ಕೆಲಸ ಇಷ್ಟೇ. ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕು ಇದನ್ನೇ ಯಾವ ಆ್ಯಪೂ ಇಲ್ಲದೆ ಮಾಡ್ತಾ ಬಂದಿದೆ.

ಈಗ ಜಾಗದ ವಿಷಯ. ಮೇಲಿನ ತೊಟ್ಟಿಯ ಮಟ್ಟ ಓವರ್‌ಫ್ಲೋ ಅಂಚಿಗೆ ಕಟ್ಟಿಬಿದ್ದಿದೆ, ಅದು ಇಳಿಯಲ್ಲ. ಸ್ಕಿಮ್ಮರ್ ಅಂಕಣದ ಮಟ್ಟ ಮುಂದಿನ ಗಾಜಿನ ತಡೆಯ ಎತ್ತರಕ್ಕೆ ಕಟ್ಟಿಬಿದ್ದಿದೆ, ಅದೂ ಇಳಿಯಲ್ಲ. ಇಡೀ ವ್ಯವಸ್ಥೆಯ ಆವಿಯೆಲ್ಲ ಲೆಕ್ಕಕ್ಕೆ ಬರೋದು ರಿಟರ್ನ್ ಚೇಂಬರಿನಲ್ಲಿ ಮಾತ್ರ. ಹೀಗಿದ್ದೂ 'ಪ್ರೊಫೆಷನಲ್ ಇನ್‌ಸ್ಟಾಲೇಷನ್' ಅಂತ ಬಿಲ್ ಹಾಕಿ, ಕೈ ಸುಲಭವಾಗಿ ಹೋಗುತ್ತೆ ಅನ್ನೋ ಕಾರಣಕ್ಕೆ ಸ್ಕಿಮ್ಮರ್ ಅಂಕಣದಲ್ಲಿ ಸೆನ್ಸರ್ ಅಂಟಿಸಿ ಹೋದವರನ್ನ ನಾನು ಕಣ್ಣಾರೆ ನೋಡಿದ್ದೀನಿ. ರಿಟರ್ನ್ ಚೇಂಬರ್ ಬತ್ತಿ, ಪಂಪು ಗಾಳಿ ಎಳೆದು ಮೇಲಿನ ತೊಟ್ಟಿಯೆಲ್ಲ ಸೋಡಾ ಬಾಟಲಿಯಂತೆ ಗುಳ್ಳೆಗುಳ್ಳೆಯಾದರೂ ಆ ಸೆನ್ಸರ್ 'ಎಲ್ಲಾ ಸರಿ ಇದೆ ಸಾರ್' ಅಂತಾನೇ ಹೇಳ್ತಿತ್ತು. ಅದು ಸುಳ್ಳು ಹೇಳ್ತಿರಲಿಲ್ಲ. ಅದು ನಿಂತ ಜಾಗದಲ್ಲಿ ಎಲ್ಲಾ ಸರಿಯಾಗೇ ಇತ್ತು.

ಇನ್ನು ಎತ್ತರ. ಪಂಪಿನ ಬಾಯಿ ನೀರಿನ ಮೇಲ್ಮೈಯಿಂದ ಕೆಲವು ಸೆಂಟಿಮೀಟರ್ ಆಳದಲ್ಲೇ ಉಳಿಯೋ ಹಾಗೆ ಸೆನ್ಸರ್ ಇರಬೇಕು. ಹಾಗಂತ ತೀರಾ ಮೇಲೆ ಕೂರಿಸೋ ಹಾಗೂ ಇಲ್ಲ, ಕರೆಂಟ್ ಹೋಗುತ್ತಲ್ಲ! ಪಂಪು ನಿಂತಾಗ ಮೇಲಿನ ತೊಟ್ಟಿಯ ನೀರು ಓವರ್‌ಫ್ಲೋ ಅಂಚಿನವರೆಗೆ, ರಿಟರ್ನ್ ಪೈಪಿನ ಬಾಯಿ ಗಾಳಿ ಕುಡಿಯೋವರೆಗೆ ಕೆಳಗೆ ಬರುತ್ತೆ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 3 ಸೆಂ.ಮೀ. ಇಳಿದರೆ 12 ಲೀಟರ್. 60ಕ್ಕೆ 35 ಅಳತೆಯ ಸಂಪಿನಲ್ಲಿ ಅದು ಸುಮಾರು 6 ಸೆಂ.ಮೀ. ಏರುತ್ತೆ. ಅಷ್ಟು ಖಾಲಿ ಜಾಗ ಬಿಡದೆ, ಸಂಪು ತುಂಬಿದ್ರೆ ಚಂದ ಅಂತ ಸೆನ್ಸರನ್ನ ಅಂಚಿನ ಹತ್ತಿರ ಕೂರಿಸಿದವರ ಮನೆಯಲ್ಲಿ ಪ್ರತಿ ಪವರ್ ಕಟ್ಟಿಗೂ ನೆಲ ಒರೆಸೋದು ತಪ್ಪಲ್ಲ.

ಕಪ್ಪಿನ ವಿಷಯಕ್ಕೆ ಬರ್ತೀನಿ. ರಬ್ಬರ್ ಕಪ್ಪು ನೀರಲ್ಲಿ ಇದ್ದೂ ಇದ್ದೂ ಗಟ್ಟಿಯಾಗುತ್ತೆ, ಅದರ ಹಿಂದೆ ಪಾಚಿ ಕಟ್ಟುತ್ತೆ, ಒಂದಿನ ಬಿಟ್ಟುಹೋಗುತ್ತೆ. ಸೆನ್ಸರ್ ತಳಕ್ಕೆ ಬಿದ್ದರೆ ಅದಕ್ಕೆ ಸದಾ ನೀರು ಸಿಗುತ್ತೆ, ಪಂಪು ಓಡೋದೇ ಇಲ್ಲ, ನಿಧಾನಕ್ಕೆ ಉಪ್ಪೇರುತ್ತೆ. ಇದು ಪರವಾಗಿಲ್ಲ, ನಿಮಗೆ ಗಮನಿಸೋಕೆ ಒಂದೆರಡು ದಿನ ಟೈಮ್ ಇರುತ್ತೆ. ಆದರೆ ಅದರ ವೈರು ಬಿಗಿಯಾಗಿದ್ದು ಸೆನ್ಸರ್ ನೀರಿನ ಮೇಲೆ ಗಾಳಿಯಲ್ಲಿ ನೇತಾಡಿದರೆ? 'ನೀರಿಲ್ಲ, ಹಾಕು, ಹಾಕು' ಅಂತ ಡಬ್ಬ ಖಾಲಿಯಾಗೋವರೆಗೂ ಕೂಗುತ್ತೆ. ಸಂಪಿನ ಅಂಚಿಗೆ ಸಿಕ್ಕಿಸೋ ಅಕ್ರಿಲಿಕ್ ಬ್ರಾಕೆಟ್, ಬಿಗಿಯೋಕೆ ನೈಲಾನ್ ಸ್ಕ್ರೂ, ಇಷ್ಟು ಸಾಕು ಮಾರಾಯ್ರೆ. ಉಪ್ಪುನೀರಿಗೆ ಲೋಹದ ಸ್ಕ್ರೂ ಬೇಡ. ಮ್ಯಾಗ್ನೆಟ್ ಮೌಂಟ್ ನೋಡೋಕೆ ನೀಟಾಗಿರುತ್ತೆ, ಆದರೆ ಫ್ಲೋಟ್ ಸ್ವಿಚ್ಚಿನ ಒಳಗಿರೋ ರೀಡ್ ಸ್ವಿಚ್ ಕೆಲಸ ಮಾಡೋದೇ ಆಯಸ್ಕಾಂತದಿಂದ. ಪಕ್ಕದಲ್ಲೇ ಇನ್ನೊಂದು ಬಲವಾದ ಆಯಸ್ಕಾಂತ ಇಟ್ಟರೆ ಅದು ಯಾರ ಮಾತು ಕೇಳಬೇಕು?

ಇಲ್ಲಿ ಒಬ್ಬರಾದರೂ 'ಆಪ್ಟಿಕಲ್ ಸೆನ್ಸರ್ ಹೆಚ್ಚು ನಿಖರ' ಅಂತ ವಾದ ತೆಗೀತಾರೆ. ಹೌದು, ನಿಖರ. ಒಳಗಿನ ಇನ್‌ಫ್ರಾರೆಡ್ ಬೆಳಕು ಗಾಳಿಯಲ್ಲಿದ್ದಾಗ ಪ್ರಿಸ್ಮಿನಿಂದ ವಾಪಸ್ ಬರುತ್ತೆ, ನೀರಲ್ಲಿದ್ದಾಗ ಹೊರಗೆ ಸೋರಿಹೋಗುತ್ತೆ. ಚೆಂದದ ಉಪಾಯ. ಆದರೆ ಸಂಪಿನಲ್ಲಿ ಇರೋದು ಗುಳ್ಳೆಗಳೇ. ತುದಿಗೆ ಒಂದು ಗುಳ್ಳೆ ಕೂತರೆ ಸೆನ್ಸರಿಗೆ ಅದು ಗಾಳಿ. ನಿಖರತೆಯ ಲೆಕ್ಕವನ್ನೂ ಹಾಕೋಣ. 35ಕ್ಕೆ 20 ಸೆಂ.ಮೀ. ಅಳತೆಯ ರಿಟರ್ನ್ ಚೇಂಬರಿನಲ್ಲಿ ಅರ್ಧ ಸೆಂ.ಮೀ. ಅಂದ್ರೆ 350 ಮಿಲಿಲೀಟರ್. ಒಟ್ಟು 200 ಲೀಟರ್ ನೀರಿನಲ್ಲಿ ಅಷ್ಟು ಕಡಿಮೆಯಾದರೆ 35 ಇದ್ದ ಉಪ್ಪು 35.06 ಆಗುತ್ತೆ. ಯಾವ ಹವಳವೂ ಇದಕ್ಕೆ ಮುನಿಸಿಕೊಳ್ಳಲ್ಲ. ಎಸ್.ಪಿ. ರೋಡಿನಲ್ಲಿ ಸಿಗೋ ಸಾದಾ ಪ್ಲಾಸ್ಟಿಕ್ ಫ್ಲೋಟ್ ಸ್ವಿಚ್ ಈ ಕೆಲಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ನಿಖರವಾಗಿದೆ.

(ಅಲ್ಟ್ರಾಸೋನಿಕ್ ಮಾಡ್ಯೂಲ್ ತಂದು ಆರ್ಡುಯಿನೊಗೆ ಜೋಡಿಸುವ ನನ್ನ ಇಂಜಿನಿಯರ್ ಬಂಧುಗಳಿಗೆ: ಆ ಜನಪ್ರಿಯ ಎರಡು ಕಣ್ಣಿನ ಬೋರ್ಡು ವಾಟರ್‌ಪ್ರೂಫ್ ಅಲ್ಲ, ಉಪ್ಪಿನ ತೇವ ಅದನ್ನ ತಿಂದುಹಾಕುತ್ತೆ. ವಾಟರ್‌ಪ್ರೂಫ್ ಇರೋದಕ್ಕೆ ತನ್ನ ಮೂಗಿನ ಮುಂದಿನ 20 ಸೆಂ.ಮೀ. ಕಾಣಲ್ಲ. ಸಂಪಿನ ಎತ್ತರವೇ 40 ಇರುತ್ತೆ.)

ಫ್ಲೋಟ್ ಕೆಡಲ್ಲ ಅಂತ ನಾನು ಹೇಳ್ತಿಲ್ಲ. ಕೆಡುತ್ತೆ. ಬಸವನಹುಳು ಹತ್ತಿ ಕೂತು ಕೆಳಗೆ ಒತ್ತುತ್ತೆ, ಉಪ್ಪು ಕಟ್ಟಿ ಸಿಕ್ಕಿಹಾಕಿಕೊಳ್ಳುತ್ತೆ. ಒಳಗಿನ ಪುಟ್ಟ ಕಾಂಟ್ಯಾಕ್ಟಿನ ಮೇಲೆ ನೇರವಾಗಿ 230 ವೋಲ್ಟಿನ ಪಂಪು ಓಡಿಸಿದರೆ ಅದು ಬೆಸೆದುಕೊಂಡು ಶಾಶ್ವತವಾಗಿ ಆನ್ ಆಗಿಬಿಡುತ್ತೆ. ಆದರೆ ಇದೆಲ್ಲ ಮೊದಲೇ ಗೊತ್ತಿರೋ ರೋಗ, ಮದ್ದೂ ಗೊತ್ತು. ಪಂಪು 12 ವೋಲ್ಟಿನದು ಇರಲಿ, ನಡುವೆ ರಿಲೇ ಇರಲಿ. ವೈರು ತುಂಡಾದರೆ ಪಂಪು ನಿಲ್ಲೋ ಹಾಗೆ ಜೋಡಣೆ ಇರಲಿ. ಹುಳು ಒಳಗೆ ನುಗ್ಗದ ಹಾಗೆ ಸುತ್ತ ತೂತಿರೋ ಪಿವಿಸಿ ಪೈಪಿನ ತುಂಡು. ಎರಡು ಸೆಂ.ಮೀ. ಮೇಲೆ ಇನ್ನೊಂದು ಫ್ಲೋಟ್, ಮೊದಲನೆಯದರ ಜೊತೆ ಸೀರೀಸಿನಲ್ಲಿ. ಮೊದಲನೆಯದು ಸಿಕ್ಕಿಕೊಂಡರೆ ಎರಡನೆಯದು ಕತ್ತರಿಸುತ್ತೆ.

ಇಷ್ಟು ಮಾಡಿದರೂ ಒಂದು ಗಂಡಾಂತರ ಉಳಿಯುತ್ತೆ, ಅದನ್ನ ಯಾವ ಬ್ರೋಷರೂ ಹೇಳಲ್ಲ. ನನ್ನ ಪರಿಚಯದವರೊಬ್ಬರ ಫ್ಲಾಟಿನಲ್ಲಿ ಆದದ್ದು. ಮೇಲಿನ ತೊಟ್ಟಿಯ ಓವರ್‌ಫ್ಲೋ ಬಾಯಿಗೆ ಒಂದು ಬಸವನಹುಳು ಅಡ್ಡ ಕೂತು, ಅದರ ಹಿಂದೆ ಪಾಚಿ ಸಿಕ್ಕಿಕೊಂಡು ನೀರು ಇಳಿಯೋದು ಕಡಿಮೆಯಾಯ್ತು. ಮೇಲೆ ನೀರು ಏರಿತು, ಸಂಪಿನಲ್ಲಿ ಇಳಿಯಿತು. ಸೆನ್ಸರ್ 'ಆವಿಯಾಗಿದೆ' ಅಂದುಕೊಂಡಿತು. ಡಬ್ಬದಿಂದ ಸಿಹಿನೀರು ಸುರಿಯಿತು. ಅದೂ ಮೇಲೇರಿ, ಅಂಚು ದಾಟಿ, ಮರದ ನೆಲಹಾಸಿನ ಮೇಲೆ ಹರಿಯಿತು. ಸೆನ್ಸರ್ ಕೆಟ್ಟಿರಲಿಲ್ಲ! ಸಂಪಿನಲ್ಲಿ ಹತ್ತು ಸೆನ್ಸರ್ ಇದ್ದಿದ್ದರೂ ಹತ್ತೂ ಅದನ್ನೇ ಹೇಳ್ತಿದ್ದವು. ನೀರು ಕಡಿಮೆಯಾಗಿದೆ ಅನ್ನೋದು ಅದಕ್ಕೆ ಗೊತ್ತು, ಯಾಕೆ ಕಡಿಮೆಯಾಯ್ತು ಅನ್ನೋದು ಗೊತ್ತಿಲ್ಲ. ಅದಕ್ಕೇ ಇನ್ನೊಂದು ಫ್ಲೋಟ್ ಮೇಲಿನ ತೊಟ್ಟಿಯ ಅಂಚಿನಲ್ಲಿ ಬೇಕು, ಅದು ಎದ್ದರೆ ಎರಡೂ ಪಂಪು ನಿಲ್ಲಬೇಕು. ಶೋಕೇಸ್ ಅಂದ ಕೆಡುತ್ತೆ ಅಂತ ಇದನ್ನ ಹಾಕಿಸಿಕೊಳ್ಳದವರು ನೆಲಹಾಸಿನ ಅಂದ ಕೆಟ್ಟ ಮೇಲೆ ಹಾಕಿಸಿಕೊಳ್ತಾರೆ.

'ಆದ್ರೆ ಆ್ಯಪಿಗೆ ಅಲರ್ಟ್ ಬರುತ್ತಲ್ಲ' ಅಂತೀರಿ. ಬರುತ್ತೆ. ನೀವು ಮಾರತ್ತಹಳ್ಳಿ ಸೇತುವೆ ಹತ್ತಿರ ಕ್ಯಾಬಿನಲ್ಲಿ ಕೂತಿರ್ತೀರಿ, ಇನ್ನೂರು ನೋಟಿಫಿಕೇಷನ್ ನಡುವೆ ಅದೂ ಒಂದು. ನೋಡಿದಿರಿ ಅಂತಾನೇ ಇಟ್ಕೊಳ್ಳಿ, ಏನ್ ಮಾಡ್ತೀರಿ? ಬಾಗಿಲ ಕೀ ನಿಮ್ಮ ಜೇಬಲ್ಲಿದೆ. ಅಪಾಯ ತಡೆಯೋದು ಮತ್ತು ಅಪಾಯದ ಸುದ್ದಿ ಮುಟ್ಟಿಸೋದು ಒಂದೇ ಅಂದುಕೊಂಡಿರೋದು ನಮ್ಮ ವೃತ್ತಿಯ ಕಾಯಿಲೆ. ಡ್ಯಾಶ್‌ಬೋರ್ಡ್ ಕೆಂಪಾದರೆ ಯಾರೋ ನೋಡ್ಕೋತಾರೆ ಅನ್ನೋ ಅಭ್ಯಾಸವನ್ನ ಮನೆಗೂ ತಂದಿದ್ದೀವಿ. ಆಫೀಸಿನಲ್ಲಿ ರೋಲ್‌ಬ್ಯಾಕ್ ಇದೆ. ಉಪ್ಪು ಏಕಾಏಕಿ ಬಿದ್ದಾಗ ಸೀಗಡಿಗೆ, ನಕ್ಷತ್ರಮೀನಿಗೆ ಅದಿಲ್ಲ. ಕ್ಲೌನ್ ಮೀನು ಸ್ವಲ್ಪ ತಡೆದುಕೊಳ್ಳಬಹುದು, ಇವಕ್ಕೆ ಮೈಯೊಳಗಿನ ಉಪ್ಪನ್ನ ಹೊರಗಿನದರಿಂದ ಬೇರೆಯಾಗಿ ಕಾಪಾಡಿಕೊಳ್ಳೋ ಶಕ್ತಿ ಅಷ್ಟಾಗಿ ಇಲ್ಲ.

ಅತ್ಯುತ್ತಮ ಸುರಕ್ಷಾ ಸಾಧನ ಯಾವುದು ಅಂತ ಕೇಳಿದ್ರೆ ನಾನು ತೋರಿಸೋದು ಸಣ್ಣ ಡಬ್ಬವನ್ನ. ಅದೇ 200 ಲೀಟರಿಗೆ 10 ಲೀಟರ್ ಸಿಹಿನೀರು ಪೂರ್ತಿ ಹೆಚ್ಚಾಗಿ ಸುರಿದರೂ ಉಪ್ಪು 35ರಿಂದ 33.3ಕ್ಕೆ ಇಳಿಯುತ್ತೆ. ಎಲ್ಲರೂ ಬದುಕ್ತಾರೆ. 50 ಲೀಟರ್ ಸುರಿದರೆ 28. ಆಗ ಹೆಣ ಎಣಿಸಬೇಕು. ದಿನಕ್ಕೆ 2 ಲೀಟರ್ ಆವಿಯಾಗೋ ತೊಟ್ಟಿಗೆ 10 ಲೀಟರಿನ ಡಬ್ಬ ಐದು ದಿನ ಬರುತ್ತೆ. ಆದರೂ ಅಂಗಡಿಯವರು ದೊಡ್ಡ ರಿಸರ್ವಾಯರ್ ಮಾರ್ತಾರೆ, ಇನ್ನೂ ಧೈರ್ಯವಂತರು ಆರ್‌ಒ ಲೈನನ್ನೇ ಸೊಲೆನಾಯ್ಡ್ ವಾಲ್ವ್ ಹಾಕಿ ನೇರವಾಗಿ ಸಂಪಿಗೆ ಜೋಡಿಸ್ತಾರೆ. ಅಂದ್ರೆ ಒಂದು ಸೆನ್ಸರ್ ಸಿಕ್ಕಿಕೊಂಡರೆ ಓವರ್‌ಹೆಡ್ ಟ್ಯಾಂಕು ಖಾಲಿಯಾಗೋವರೆಗೆ ಹರಿಯುತ್ತೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡಿ ಕಾಯೋ ಊರಿನಲ್ಲಿ ಇದನ್ನ ಐಷಾರಾಮ ಅನ್ನೋಕೆ ನನಗೆ ನಾಲಿಗೆ ಬರಲ್ಲ.

ಡಬ್ಬ ಎಲ್ಲಿಡ್ತೀರಿ ಅನ್ನೋದನ್ನೂ ನೋಡಿ. ಸಂಪಿಗಿಂತ ಎತ್ತರದಲ್ಲಿಟ್ಟು ಪೈಪಿನ ತುದಿಯನ್ನ ಸಂಪಿನೊಳಗೆ ಕೆಳಕ್ಕೆ ಬಿಟ್ಟರೆ, ಪಂಪು ನಿಂತ ಮೇಲೂ ಸೈಫನ್ ಆಗಿ ನೀರು ಹರೀತಾನೇ ಇರುತ್ತೆ. ಆ್ಯಪಿನಲ್ಲಿ 'ಪಂಪ್ ಆಫ್' ಅಂತ ಹಸಿರು ಬಣ್ಣದಲ್ಲಿ ತೋರಿಸ್ತಾ ಇರುತ್ತೆ.

ಈ ವಾರ ಒಂದು ಕೆಲಸ ಮಾಡಿ. ಸೆನ್ಸರನ್ನ ಬೇಕಂತಲೇ ನೀರಿನಿಂದ ಎತ್ತಿ ಹಿಡಿದು ನಿಂತ್ಕೊಳ್ಳಿ, ಫ್ಲೋಟ್ ಆದರೆ ಬೆರಳಲ್ಲಿ ಕೆಳಗೆ ಒತ್ತಿ ಹಿಡೀರಿ. ಪಂಪನ್ನ ಯಾವುದು ನಿಲ್ಲಿಸುತ್ತೆ, ಎರಡನೇ ಫ್ಲೋಟಾ, ಟೈಮರಾ, ಅಥವಾ ಡಬ್ಬ ಖಾಲಿಯಾಗೋದಾ, ಗಡಿಯಾರ ನೋಡ್ಕೊಂಡು ಬರೆದಿಡಿ. ಪಕ್ಕದಲ್ಲಿ ಒಂದು ಬಕೆಟ್ ಇರಲಿ.